ಬಳ್ಳಾರಿ ಅದಿರು: ಲಾರಿ ನಿಲ್ಲಿಸಿ ರೈಲನ್ನೇ ಕಡ್ಡಾಯ ಮಾಡಬೇಕೆ?

ಪರ: ಹಳಿ ಇರುವಾಗ ಊರೊಳಗೆ ಲಾರಿ ಏಕೆ?

ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಬೇವು ಯಾವುದು, ಹುಣಸೆ ಯಾವುದು ಎಂದು ಮಳೆ ಬೀಳುವ ತನಕ ಗುರುತಿಸುವುದು ಕಷ್ಟ. ಎಲೆಯೆಲ್ಲ ಒಂದೇ ಕೆಂಪು. ಈ ಧೂಳನ್ನು ಉಸಿರಾಡುವವರ ಪರವಾಗಿ ವಾದಿಸಲು ಸಿದ್ಧಾಂತ ಬೇಕಿಲ್ಲ, ಲೆಕ್ಕ ಸಾಕು. ಒಂದು ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ಗಾಡಿ, ಎಂದರೆ 58 ಅಥವಾ 59 ವ್ಯಾಗನ್, ಮೂರೂವರೆ ಸಾವಿರ ಟನ್ನಿಗೂ ಮಿಕ್ಕಿದ ಕಬ್ಬಿಣದ ಅದಿರು. ಅಷ್ಟನ್ನೇ ರಸ್ತೆಯಲ್ಲಿ ಸಾಗಿಸಬೇಕಾದರೆ ದೊಡ್ಡ ಲಾರಿಗಳೇ ನೂರು ಬೇಕು. ಹತ್ತು ಚಕ್ರದವಾದರೆ ಇನ್ನೂರು.

ಸೈಡಿಂಗ್‌ನಲ್ಲಿ, ಅಂದರೆ ಸರಕು ತುಂಬಲೆಂದು ಮುಖ್ಯ ಹಳಿಯಿಂದ ಕವಲೊಡೆದ ಹಳಿಯಲ್ಲಿ, ಲೋಡಿಂಗ್ ನೋಡಿದವರಿಗೆ ಗೊತ್ತು: ಲೋಡರ್ ಸುರಿದು ಮುಗಿಸಿ ಅತ್ತ ಸರಿದ ಮೇಲೂ ವ್ಯಾಗನ್ ಅರ್ಧ ಖಾಲಿಯಾಗಿಯೇ ಕಾಣುತ್ತದೆ. ಅದು ಕಳ್ಳತನವಲ್ಲ. ಅದಿರು ಅಷ್ಟು ಭಾರ, ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟಿರುತ್ತದೆ. ಮಿತಿ ದಾಟಿದರೆ ದಂಡ ಕಟ್ಟಬೇಕು, ರಸೀತಿಯಲ್ಲಿ ಟನ್ ನಮೂದಾಗಬೇಕು. ಲಾರಿಯಲ್ಲಿ ಇದೇ ಅದಿರು ಹೇಗೆ ಹೋಯಿತು ಎಂಬುದನ್ನು 2011ರ ಲೋಕಾಯುಕ್ತ ವರದಿ ಬರೆದಿಟ್ಟಿದೆ: ಅಳತೆ ಮೀರಿದ ಹೊರೆ, ನಕಲಿ ಪರವಾನಗಿ, ಕಣ್ಣು ಮುಚ್ಚಿದ ಚೆಕ್‌ಪೋಸ್ಟ್. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾಗಿ ಆಮೇಲೆ ಮಾಯವಾದ ಲಕ್ಷಾಂತರ ಟನ್ ಅದಿರು ಅಲ್ಲಿಗೆ ತಲುಪಿದ್ದು ಲಾರಿಯಲ್ಲೇ. ರೇಕನ್ನು ಹಾಗೆ ರಾತ್ರೋರಾತ್ರಿ ಅಡ್ಡದಾರಿಗೆ ತಿರುಗಿಸಲು ಆಗುವುದಿಲ್ಲ. ಪಾಪ, ಅದಕ್ಕೆ ಹಳಿ ಬಿಟ್ಟರೆ ಬೇರೆ ದಾರಿ ಇಲ್ಲ.

ಈ ಹಳಿ ಹುಟ್ಟಿದ್ದು ಅದಿರಿಗಾಗಿ ಅಲ್ಲ. 1876–78ರ ಬರದಲ್ಲಿ ಈ ಸೀಮೆಗೆ ಕಾಳು ಮುಟ್ಟಿಸಲು ಆಗದೆ ಜನ ಸತ್ತರು. ಆ ಅನುಭವದಿಂದ ಎಚ್ಚೆತ್ತು, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೂಲಕ ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಮೀಟರ್ ಗೇಜ್‌ನಲ್ಲಿ ಜೋಡಿಸಲಾಯಿತು. 1990ರ ದಶಕದಲ್ಲಿ ಅದೇ ದಾರಿ ಬ್ರಾಡ್‌ಗೇಜ್ ಆಯಿತು. ಸಾರ್ವಜನಿಕ ಹಣದಲ್ಲಿ ಇಷ್ಟೆಲ್ಲ ಆದ ಮೇಲೂ ಅದಿರು ಹಳ್ಳಿಯ ಶಾಲೆಯ ಮುಂದೆ ಹಾದುಹೋಗಬೇಕೆ? ಪಕ್ಕದ ರಾಯಚೂರಿನ ಶಕ್ತಿನಗರ ವಿದ್ಯುತ್ ಸ್ಥಾವರವನ್ನು ನೋಡಿ. 1985ರಿಂದ ಅಲ್ಲಿ ಉರಿಯುವ ಕಲ್ಲಿದ್ದಲು ಬರುವುದು ರೈಲಿನಲ್ಲಿ. ಅದನ್ನು ಲಾರಿಯಲ್ಲಿ ತರೋಣ ಎಂದರೆ ಅಲ್ಲಿನವರು ನಗುತ್ತಾರೆ.

ವಿರೋಧ: ಹಳಿ ಗುಡ್ಡದ ಬುಡದ ತನಕ ಬಂದಿದೆಯೆ?

ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಸೈಡಿಂಗ್‌ನಿಂದ ಶುರುವಾಗುತ್ತದೆ. ಅದಿರು ಶುರುವಾಗುವುದು ಗುಡ್ಡದ ಮೇಲೆ. 1977ರಲ್ಲಿ ಶುರುವಾದ ದೋಣಿಮಲೈಯಂಥ ದೊಡ್ಡ ಸರ್ಕಾರಿ ಗಣಿಗೆ ತನ್ನದೇ ಲೋಡಿಂಗ್ ವ್ಯವಸ್ಥೆ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪೈಪ್ ಕನ್ವೇಯರ್, ಅಂದರೆ ಅದಿರು ಸಾಗಿಸುವ ಮುಚ್ಚಿದ ಬೆಲ್ಟ್, ಹಾಕಿಸಿಕೊಂಡಿದೆ. ಉಳಿದ ಗಣಿಗಳಲ್ಲಿ ಹೆಚ್ಚಿನವುಗಳ ಅದಿರು ಮೊದಲು ಟಿಪ್ಪರ್ ಏರಿ ಸೈಡಿಂಗ್‌ಗೆ ಬಂದು, ಅಲ್ಲಿ ರಾಶಿಯಾಗಿ, ಮತ್ತೆ ಎತ್ತಿ ವ್ಯಾಗನ್‌ಗೆ ಬೀಳಬೇಕು. ಎರಡು ಸಲ ಎತ್ತಿ ಸುರಿದರೆ ಧೂಳೂ ಎರಡು ಸಲ ಏಳುತ್ತದೆ. ಸೈಡಿಂಗ್ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಒಣಗಿಸುವ ರೈತನನ್ನು ಕೇಳಿದರೆ ರೈಲಿನ ಧೂಳೂ ಕೆಂಪೇ ಎನ್ನುತ್ತಾನೆ.

ಶಕ್ತಿನಗರದ ಹೋಲಿಕೆ ಕೇಳಲು ಚೆನ್ನ. ಅಲ್ಲಿ ಕೊಳ್ಳುವವನು ಒಬ್ಬನೇ, ದಿನವೂ ರೇಕ್‌ಗಟ್ಟಲೆ ಬೇಕು. ಇಲ್ಲಿ, 2011ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ಅದಿರು ವರ್ಷಗಟ್ಟಲೆ ಇ-ಹರಾಜಿನಲ್ಲಿ ಹಲವರಿಗೆ ಬಿಕರಿಯಾಯಿತು. ಕೊಪ್ಪಳದ ಗಿಣಿಗೇರಾ ಸುತ್ತಮುತ್ತಲಿನ ಸಣ್ಣ ಸ್ಪಾಂಜ್ ಐರನ್ ಘಟಕದವರು ನಾಲ್ಕಾರು ಲಾರಿಯ ಅದಿರಿಗಾಗಿ ಇಡೀ ರೇಕಿಗೆ ಇಂಡೆಂಟ್ (ಬೇಡಿಕೆ) ಹಾಕಲಾರರು. ಹಾಕಿದರೂ ಕೊಟ್ಟ ಗಂಟೆಗಳೊಳಗೆ ತುಂಬಿ ಮುಗಿಸಬೇಕು, ತಡವಾದರೆ ಡೆಮರೇಜ್ ಎಂಬ ದಂಡ.

ಇನ್ನು ಪ್ರಾಮಾಣಿಕತೆಯ ಮಾತು. 2008ರಲ್ಲಿ ರೈಲ್ವೆ ಒಳಬಳಕೆಯ ಅದಿರಿಗೆ ಒಂದು ದರ, ರಫ್ತಿನದಕ್ಕೆ ಬಲು ದುಬಾರಿ ದರ ಇಟ್ಟಿತು. ಒಳಬಳಕೆಗೆಂದು ಬರೆದುಕೊಟ್ಟು ಅಗ್ಗದ ದರದಲ್ಲಿ ಸಾಗಿಸಿದವರಲ್ಲಿ ಹಲವರ ದಾಖಲೆಗಳು ಸರಿಯಿರಲಿಲ್ಲ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಿತು. ತೂಕ ಸರಿಯಿತ್ತು, ಕಾಗದ ಸುಳ್ಳಾಗಿತ್ತು. ಚಕ್ರ ರಬ್ಬರಿನದೋ ಉಕ್ಕಿನದೋ ಎಂಬುದು ಕಳ್ಳನಿಗೆ ಅಂಥ ದೊಡ್ಡ ವಿಷಯವಲ್ಲ.

ಹಳಿಯ ಮೇಲೆ ಜನರಿಗೂ ಹಕ್ಕಿದೆ ಎಂಬುದನ್ನು ಪರ ವಾದಿಸುವವರು ಮರೆಯುತ್ತಾರೆ. ಹೊಸಪೇಟೆ–ಕೊಟ್ಟೂರು ಮಾರ್ಗ ಬ್ರಾಡ್‌ಗೇಜ್ ಆಯಿತು, ಆ ಕಡೆಯಿಂದ ಅದಿರಿನ ಗಾಡಿಗಳು ಓಡಾಡಿದವು. ಪ್ರಯಾಣಿಕರ ರೈಲಿಗಾಗಿ ಮಾತ್ರ ಕೊಟ್ಟೂರಿನವರು ಧರಣಿ, ಮನವಿ ಎಂದು ಅಲೆದು 2019ರ ತನಕ ಕಾದರು. ರೈಲ್ವೆಗೆ ಸರಕಿನಲ್ಲಿ ಕಾಸು, ಟಿಕೆಟ್‌ನಲ್ಲಿ ನಷ್ಟ. ಎಲ್ಲ ಅದಿರನ್ನೂ ಹಳಿಗೆ ಹಾಕಿದ ದಿನ ಪ್ಯಾಸೆಂಜರ್ ಗಾಡಿ ಅದಿರಿಗೆ ದಾರಿ ಬಿಟ್ಟು ಯಾವ ಲೂಪ್ ಲೈನಿನಲ್ಲಿ ನಿಂತಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಲಾರಿ ಮಾಲೀಕರೆಲ್ಲ ದಂಧೆಕೋರರು ಎಂಬಂತೆ ಮಾತನಾಡುವುದೂ ರೂಢಿಯಾಗಿದೆ. 2011ರಲ್ಲಿ ಕೋರ್ಟ್ ಆದೇಶದಿಂದ ಗಣಿ ನಿಂತಾಗ ಸಾಲ ಮಾಡಿ ಒಂದೇ ಲಾರಿ ಕೊಂಡವರ ಗಾಡಿಗಳನ್ನು ಫೈನಾನ್ಸ್‌ನವರು ಎಳೆದೊಯ್ದರು. ಗುಡ್ಡ ಅಗೆದು ದೊಡ್ಡವರಾದವರಿಗೆ ಆ ಪಾಡು ಬರಲಿಲ್ಲ. ಗಣಿಯ ಬಾಯಿಯ ತನಕ ಹಳಿಯನ್ನೋ ಕನ್ವೇಯರನ್ನೋ ತಾರದೆ ಲಾರಿ ನಿಲ್ಲಿಸಿದರೆ, ಸೈಡಿಂಗ್ ಯಾರ ಕೈಯಲ್ಲಿದೆಯೋ ಅವರು ಹೇಳಿದ್ದೇ ಬಾಡಿಗೆ. ಸಣ್ಣ ಗಣಿಯವನು ಅದನ್ನು ಕಟ್ಟಬೇಕು, ಇಲ್ಲವೇ ಅದಿರನ್ನು ಅವರಿಗೇ ಮಾರಬೇಕು.