ಎ1 ಅಪೀಲು ಹಾಕಿದರೆ ಎ4ಗೂ ಆಯ್ತು ಅನ್ನೋದು ಸುಳ್ಳು

ಒಂದೇ ಪ್ರಕರಣದಲ್ಲಿ ಹಲವರಿಗೆ ಶಿಕ್ಷೆಯಾದ ತೀರ್ಪು ಬಂದ ಸಂಜೆ ದಾವಣಗೆರೆಯದೋ ಚಿತ್ರದುರ್ಗದ್ದೋ ಕೋರ್ಟ್ ಆವರಣದಲ್ಲಿ ಮನೆಮಂದಿ ಗುಂಪುಗೂಡಿ ನಿಂತಿರುತ್ತಾರಲ್ಲ, ಅಲ್ಲಿ ತಪ್ಪದೆ ಕಿವಿಗೆ ಬೀಳುವ ಮಾತು ಇದು: “ಮೊದ್ಲು ದೊಡ್ಡೋನ್ದು ಬೆಂಗ್ಳೂರಾಗೆ ಹಾಕ್ಸಾಣ. ಅವ್ನಿಗೆ ಖುಲಾಸೆ ಆತಂದ್ರೆ ಉಳ್ದೋರಿಗೂ ಆಗ್ತತಿ.”

ಆಗೋದಿಲ್ಲ. ವಿಚಾರಣೆ ಒಟ್ಟಿಗೆ ನಡೆದಿರಬಹುದು, ತೀರ್ಪೂ ಒಂದೇ ಇರಬಹುದು, ಆದರೆ ಶಿಕ್ಷೆ ಒಬ್ಬೊಬ್ಬನ ಹೆಸರಿಗೆ ಬೇರೆ ಬೇರೆ ಬರೆದಿರುತ್ತದೆ. ಅಪೀಲಿನ ಹಕ್ಕೂ ಹಾಗೇ. ಎ1, ಅಂದರೆ ಒಂದನೇ ಆರೋಪಿ, ಹಾಕಿದ ಅಪೀಲಿನಲ್ಲಿ ನಾಲ್ಕನೇ ಆರೋಪಿ ಎ4ನ ಹೆಸರು ಮೇಲ್ಮನವಿದಾರ ಅಂತ ಇಲ್ಲದಿದ್ದರೆ, ಎ4ನ ಮಟ್ಟಿಗೆ ಸೆಷನ್ಸ್ ಕೋರ್ಟಿನ ಮಾತೇ ಕೊನೆಯ ಮಾತಾಗಿ ಉಳಿಯುತ್ತದೆ.

ಜನ ಯಾಕೆ ಹೀಗೆ ನಂಬುತ್ತಾರೆ ಅನ್ನೋದಕ್ಕೂ ಕಾರಣವಿದೆ. ಒಂದೇ ಸಾಕ್ಷ್ಯದ ಮೇಲೆ ಶಿಕ್ಷೆಯಾದವರಲ್ಲಿ ಕೆಲವರನ್ನು ಮೇಲಿನ ಕೋರ್ಟು ಬಿಟ್ಟಾಗ, ಅಪೀಲು ಹಾಕದವರಿಗೂ ಅದರ ಲಾಭ ಕೊಟ್ಟ ಉದಾಹರಣೆಗಳಿವೆ. 2023ರಲ್ಲಿ ಜಾವೇದ್ ಶೌಕತ್ ಅಲಿ ಖುರೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂದೆ ತನ್ನ ಬಾಗಿಲಲ್ಲೇ ಅರ್ಜಿ ವಜಾ ಆಗಿದ್ದ ಸಹ ಆರೋಪಿಗೂ ತಾನಾಗಿಯೇ ಬಿಡುಗಡೆ ಕೊಟ್ಟಿತು. ಆದರೆ ಅದು ಇಬ್ಬರ ವಿರುದ್ಧ ಇರುವ ಸಾಕ್ಷ್ಯ ಒಂದೇ, ಪಾತ್ರವೂ ಒಂದೇ ಆಗಿದ್ದಾಗ ಸಿಗುವ ಆಸರೆ. ಮೇಲಾಗಿ ಯಾರಾದರೂ ಆ ಸಂಗತಿಯನ್ನು ಕೋರ್ಟಿನ ಕಣ್ಣಿಗೆ ಬೀಳಿಸಬೇಕು. ಅದಾಗುವವರೆಗೆ ಅವನು ಒಳಗೇ ಇರುತ್ತಾನೆ.

ಕಣ್ಣಿಗೆ ಬೀಳದೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ 1982ರ ಹರ್ಬನ್ಸ್ ಸಿಂಗ್ ತೀರ್ಪನ್ನು ಓದಬೇಕು. ಉತ್ತರ ಪ್ರದೇಶದ ಪ್ರಕರಣ. ಒಂದೇ ಕೃತ್ಯ, ಮೂವರ ಪಾತ್ರವೂ ಒಂದೇ ತೂಕದ್ದು, ಮೂವರಿಗೂ ಗಲ್ಲು. ಸುಪ್ರೀಂ ಕೋರ್ಟಿಗೆ ಮೂವರೂ ಬೇರೆ ಬೇರೆಯಾಗಿ, ಬೇರೆ ಬೇರೆ ಕಾಲಕ್ಕೆ ಹೋದರು. ಒಬ್ಬನ ಅರ್ಜಿ 1976ರಲ್ಲಿ ವಜಾ. ಇನ್ನೊಬ್ಬ ಜೈಲಿನಿಂದಲೇ ಕಳಿಸಿದ ಅರ್ಜಿ ಒಪ್ಪಿತವಾಗಿ 1977ರಲ್ಲಿ ಅವನ ಗಲ್ಲು ಜೀವಾವಧಿಗೆ ಇಳಿಯಿತು. ಮೂರನೆಯವನದು 1978ರಲ್ಲಿ ವಜಾ. 1981ರ ಅಕ್ಟೋಬರಿನಲ್ಲಿ ಮೊದಲನೆಯವನನ್ನು ಗಲ್ಲಿಗೇರಿಸಿಬಿಟ್ಟರು. ಒಬ್ಬನಿಗೆ ಶಿಕ್ಷೆ ಇಳಿದದ್ದು ಉಳಿದಿಬ್ಬರ ಕಡತಕ್ಕೆ ಸರಿಯಾಗಿ ಮುಟ್ಟಲೇ ಇಲ್ಲ. ಗಲ್ಲಿಗೇರಿಸುವ ಮುಂಚೆ ಸಹ ಆರೋಪಿಗಳ ಶಿಕ್ಷೆ ಇಳಿದಿದೆಯೇ ಅಂತ ಜೈಲಿನ ಅಧಿಕಾರಿಯೇ ವಿಚಾರಿಸಿ ತಿಳಿದುಕೊಳ್ಳಬೇಕು ಅಂತ ಕೋರ್ಟು ಆಮೇಲೆ ಹೇಳಬೇಕಾಯಿತು. ಒಂದೇ ತೀರ್ಪಿನಿಂದ ಹುಟ್ಟಿದ ಅಪೀಲುಗಳು ಒಟ್ಟಿಗೇ ವಿಚಾರಣೆಗೆ ಬರಬೇಕು ಅಂತ ಹಟ ಹಿಡಿಯಬೇಕಾದ್ದು ಇದಕ್ಕೇ.

ನಮ್ಮ ಕಡೆಯ ಲೆಕ್ಕಕ್ಕೆ ಬರೋಣ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಸೆಷನ್ಸ್ ಶಿಕ್ಷೆಯ ಅಪೀಲು ಬೆಂಗಳೂರಿನ ಪೀಠಕ್ಕೆ ಹೋಗುತ್ತದೆ, ಹತ್ತಿರ ಅಂತ ಧಾರವಾಡಕ್ಕಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟು ಕೊಟ್ಟ ಶಿಕ್ಷೆಯಾದರೆ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 374ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415. ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ. ಗಲ್ಲು ಶಿಕ್ಷೆಯಾದರೆ ಹೈಕೋರ್ಟಿಗೂ 30 ದಿನವೇ. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದ ದಿನದಿಂದ ನಕಲು ತಯಾರಾಗುವವರೆಗಿನ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅರ್ಜಿಯನ್ನೇ ಹಾಕದೆ ಕಳೆದ ದಿನಗಳು ಸೇರುತ್ತವೆ. ಆದ್ದರಿಂದ ನಕಲಿನ ಅರ್ಜಿ ತೀರ್ಪಿನ ದಿನವೇ ಬೀಳಬೇಕು. ಜೈಲು ಶಿಕ್ಷೆಯಾದ ಪ್ರತಿಯೊಬ್ಬನಿಗೂ ತೀರ್ಪಿನ ಒಂದು ಪ್ರತಿ ಅಲ್ಲೇ, ಬಿಟ್ಟಿಯಾಗಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಆರು ಜನಕ್ಕೆ ಶಿಕ್ಷೆಯಾಗಿದ್ದರೆ ಆರು ಪ್ರತಿ. ಸಾಮಾನ್ಯವಾಗಿ ಆಗೋದೇನು? ಎ1ನ ಕಡೆಯವರು ಒಂದು ಪ್ರತಿ ಇಸಕೊಳ್ಳುತ್ತಾರೆ, ಉಳಿದವರು ಅದರ ಜೆರಾಕ್ಸಿಗೆ ಅವರ ಮನೆಗೆ ಅಲೆಯುತ್ತಾರೆ. ಅಷ್ಟರಲ್ಲಿ ಎರಡು ಮನೆಯ ನಡುವೆ ಮಾತು ಬಿಟ್ಟಿರುತ್ತದೆ.

ಒಟ್ಟಿಗೆ ಶಿಕ್ಷೆಯಾದವರಿಗಾಗಿಯೇ ಇರುವ ಒಂದು ಕಲಮಿದೆ: ಹಳೆಯ 380, ಹೊಸ 421. ಉದಾಹರಣೆಗೆ ಮ್ಯಾಜಿಸ್ಟ್ರೇಟ್ ಎ1ಗೆ ಆರು ತಿಂಗಳು ಜೈಲು, ಎ2ಗೆ ಬರೀ 100 ರೂಪಾಯಿ ದಂಡ ಹಾಕಿದರು ಅನ್ನಿ. ಎ2 ಒಬ್ಬನೇ ಆಗಿದ್ದರೆ ಅಷ್ಟು ಸಣ್ಣ ದಂಡಕ್ಕೆ ಅಪೀಲೇ ಇಲ್ಲ. ಅದೇ ವಿಚಾರಣೆಯಲ್ಲಿ ಎ1ಗೆ ಅಪೀಲಿನ ಹಕ್ಕಿರುವುದರಿಂದ ಎ2ಗೂ ಹಕ್ಕು ಬರುತ್ತದೆ. “ನಿಂದು ಬರೀ ದಂಡ ಕಣಪ್ಪ, ಕಟ್ಟಿ ಮನೆಗೆ ನಡಿ” ಅಂದರೆ ಒಪ್ಪಬೇಡಿ. ದಂಡ ಕಟ್ಟಿದರೂ ಅಪರಾಧಿ ಅನ್ನೋದು ಉಳಿಯುತ್ತದೆ. ನೌಕರಿಯ ಪೊಲೀಸ್ ವೆರಿಫಿಕೇಷನ್ನಿನಲ್ಲಿ ಅದು ಮೇಲೆ ಬರುತ್ತದೆ.

ಇನ್ನೊಂದು ಹೆದರಿಕೆ: ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿ ಮಾಡಿಬಿಟ್ಟರೆ? ಕಡಿಮೆ ಶಿಕ್ಷೆಯಾದ ಎ4, ಎ5 ಸುಮ್ಮನೆ ಕೂರುವುದು ಹೆಚ್ಚಾಗಿ ಇದಕ್ಕೇ. ಅಪರಾಧಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರಿಸುವಂತಿಲ್ಲ. ಏರಿಸಬೇಕಾದರೆ ಅದಕ್ಕೆ ಬೇರೆಯೇ ದಾರಿ, ನೋಟಿಸು ಕೊಟ್ಟು ಅವನ ಮಾತು ಕೇಳಲೇಬೇಕು. ಆ ದಾರಿ ಅವನು ಅಪೀಲು ಹಾಕಿದರೂ ಇರುತ್ತದೆ, ಹಾಕದಿದ್ದರೂ ಇರುತ್ತದೆ.

ಎಲ್ಲರೂ ಸೇರಿ ಒಂದೇ ಅಪೀಲು ಹಾಕಬಹುದೇ? ಹಾಕಬಹುದು, ಹಾಕುತ್ತಾರೆ ಕೂಡ. ಎಲ್ಲರದೂ “ನಾವು ಅಲ್ಲಿ ಇರಲೇ ಇಲ್ಲ” ಅನ್ನುವ ಒಂದೇ ವಾದವಾದರೆ ತೊಂದರೆಯಿಲ್ಲ, ಖರ್ಚೂ ಉಳಿಯುತ್ತದೆ. ಆದರೆ ಎ1ನ ಕೈಯಲ್ಲಿ ಮಚ್ಚು, ಎ4 ಬರೀ ನಿಂತಿದ್ದ ಅನ್ನುವ ಪ್ರಕರಣದಲ್ಲಿ ಒಬ್ಬರೇ ವಕೀಲರು ಇಬ್ಬರಿಗೂ ವಾದಿಸಲು ಆಗದು. ಎ4ನನ್ನು ಉಳಿಸುವ ಅತ್ಯುತ್ತಮ ವಾದವೇ “ಹೊಡೆದದ್ದು ಎ1, ನಾನಲ್ಲ” ಅನ್ನೋದು. ಎ1ನ ವಕಾಲತ್ತು ಹಿಡಿದವರ ಬಾಯಲ್ಲಿ ಆ ಮಾತು ಹೇಗೆ ಬಂದೀತು? ಇಂಥ ಕಡೆ ಎ4ಗೆ ಬೇರೆ ವಕೀಲರು, ಬೇರೆ ಅಪೀಲು ಬೇಕೇ ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಣ್ಣ ತಮ್ಮಂದಿರೇ ಆಗಿರಲಿ. ಬೇರೆ ಹಾಕಿದ ಮಾತ್ರಕ್ಕೆ ಸಂಬಂಧ ಕಡಿದಂತೆ ಅಲ್ಲ, ಎರಡೂ ಅಪೀಲು ಸಾಮಾನ್ಯವಾಗಿ ಒಂದೇ ಪೀಠದ ಮುಂದೆ ಜೋಡಿಯಾಗಿಯೇ ಬರುತ್ತವೆ.

ಈಗ ದಾಖಲೆ ಓದುವ ಕೆಲಸ. ಅಪೀಲು ಗೆಲ್ಲುವುದೂ ಸೋಲುವುದೂ ಇಲ್ಲಿ. ಒಂದು ಉದ್ದನೆಯ ಹಾಳೆ ತೆಗೆದುಕೊಂಡು ಮೇಲೆ ಎ1ರಿಂದ ಎ6, ಎಡಕ್ಕೆ ಸಾಕ್ಷಿಗಳ ಸಂಖ್ಯೆ ಬರೆಯಿರಿ. ಪ್ರತಿ ಚೌಕದಲ್ಲಿ ಆ ಸಾಕ್ಷಿ ಆ ಆರೋಪಿಯ ಬಗ್ಗೆ ದೂರಿನಲ್ಲಿ ಏನಂದ, ಪೊಲೀಸರ ಮುಂದಿನ ಹೇಳಿಕೆಯಲ್ಲಿ ಏನಂದ, ಕೋರ್ಟಿನಲ್ಲಿ ಏನಂದ, ಮೂರನ್ನೂ ಅವನದೇ ಶಬ್ದದಲ್ಲಿ ತುಂಬಿಸಿ. ಬಹಳ ಸಲ ಎ4, ಎ5ರ ಚೌಕದಲ್ಲಿ ಉಳಿಯೋದು “ಎಲ್ಲಾರು ಸೇರಿ ಹೊಡೆದ್ರು” ಅನ್ನೋದು ಒಂದೇ. ಯಾರು, ಯಾವುದರಿಂದ, ಎಲ್ಲಿಗೆ ಅನ್ನೋದಿಲ್ಲ. ಸೆಷನ್ಸ್ ತೀರ್ಪಿನಲ್ಲಿ ಇಂಥವರ ಮೇಲೆ ಬೇರೆ ಚರ್ಚೆಯೇ ಇಲ್ಲದೆ “ಉಳಿದ ಆರೋಪಿಗಳೂ” ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರೆ, ಆ ಸಾಲೇ ಅಪೀಲಿನ ಮೊದಲ ಕಾರಣವಾಗಬೇಕು.

ಒಂದು ಶಬ್ದ ಎಷ್ಟು ದೂರ ಒಯ್ಯುತ್ತದೆ ನೋಡಿ. ಸಾಕ್ಷಿ “ಎ2 ಅವನ್ನ ಹಿಡ್ಕಂಡಿದ್ದ, ಎ1 ಚುಚ್ಚಿದ” ಅನ್ನುತ್ತಾನೆ. ಚುಚ್ಚಲು ಅನುಕೂಲವಾಗಲಿ ಅಂತ ಹಿಡ್ಕಂಡಿದ್ದರೆ ಸಮಾನ ಉದ್ದೇಶ ಬಂತು, ಎ2ಗೂ ಕೊಲೆಯ ಶಿಕ್ಷೆ. ಜಗಳ ಬಿಡಿಸಲು ಹಿಡ್ಕಂಡಿದ್ದರೆ? ಕನ್ನಡದಲ್ಲಿ ಎರಡಕ್ಕೂ ಅದೇ ಶಬ್ದ. ಹಿಂದಿನಿಂದಲೋ ಮುಂದಿನಿಂದಲೋ, ಚಾಕು ಹೊರಗೆ ಬರುವ ಮೊದಲೋ ಆಮೇಲೋ ಅಂತ ಪಾಟಿ ಸವಾಲಿನಲ್ಲಿ, ಅಂದರೆ ಆರೋಪಿಯ ವಕೀಲರು ಸಾಕ್ಷಿಗೆ ಪ್ರಶ್ನೆ ಹಾಕುವಾಗ, ಕೇಳಿರಬೇಕಿತ್ತು. ಕೇಳಿಲ್ಲದಿದ್ದರೆ ಮರಣೋತ್ತರ ಪರೀಕ್ಷೆಯ ವರದಿಗೆ ಹೋಗಿ. ಹಿಂದಿನಿಂದ ತಬ್ಬಿ ಹಿಡಿದಿದ್ದ ಅನ್ನುತ್ತಾರೆ, ಗಾಯ ಬೆನ್ನ ನಡುವೆ ಇದೆ, ಎ2ನ ಮೈಮೇಲೆ ಒಂದು ಗೀರೂ ಇಲ್ಲ ಅಂದರೆ ಆ ಸಾಕ್ಷ್ಯ ನಿಲ್ಲುವುದು ಕಷ್ಟ. ಸುಪ್ರೀಂ ಕೋರ್ಟಿನವರೆಗೆ ಹೋಗುವ ಪ್ರಕರಣವಾದರೆ ಈ ಶಬ್ದ ಇಂಗ್ಲಿಷಿಗೆ ಹೇಗೆ ಅನುವಾದವಾಗಿದೆ ಅಂತ ಮನೆಯವರೇ ಕೂತು ಓದಿಸಿ ನೋಡಬೇಕು.

ಗುಂಪಿನ ವಿಚಾರಣೆಯಲ್ಲಿ ಆಗುವ ದೊಡ್ಡ ಅನಾಹುತ ಪಾಟಿ ಸವಾಲಿನದು. ಎ1ನ ವಕೀಲರು ಅರ್ಧ ದಿನ ಕೇಳುತ್ತಾರೆ, ಉಳಿದವರ ವಕೀಲರು ಎದ್ದು “ಅದನ್ನೇ ಅಡಾಪ್ಟ್ ಮಾಡ್ಕೊಳ್ತೀವಿ” ಅಂದು ಕೂರುತ್ತಾರೆ. ಹಾಗೆ ಒಪ್ಪಿಕೊಂಡ ಸವಾಲಿನಲ್ಲಿ “ಎ1 ಆತ್ಮರಕ್ಷಣೆಗೆ ಹೊಡೆದ” ಅನ್ನುವ ಸೂಚನೆ ಇದ್ದರೆ, “ನಾನು ಆ ದಿನ ಊರಲ್ಲೇ ಇರಲಿಲ್ಲ” ಅನ್ನುವ ಎ5ನ ವಾದಕ್ಕೆ ಅದೇ ಮುಳುವು. ಆಗಿಹೋದದ್ದನ್ನು ಅಪೀಲಿನಲ್ಲಿ ಪೂರ್ತಿ ಸರಿಪಡಿಸಲಾಗದು. ಆದರೂ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಪ್ರಶ್ನೆ ಕೇಳಿ ಬರೆದುಕೊಂಡ ಆರೋಪಿಯ ಹೇಳಿಕೆ, ಅಂದರೆ ಹಳೆಯ 313, ಹೊಸ 351, ತೆಗೆದು ನೋಡಿ. ಅಲ್ಲಿ ಎಲ್ಲರಿಗೂ ಒಂದೇ ಅಚ್ಚಿನ ಪ್ರಶ್ನೆ ಕೇಳಿದ್ದು, ಎ5ನ ವಿರುದ್ಧ ಬಳಸಿದ ಮುಖ್ಯ ಸಂಗತಿಯನ್ನು ಅವನ ಮುಂದೆ ಇಟ್ಟೇ ಇಲ್ಲದಿದ್ದರೆ ಅದು ಗಟ್ಟಿ ಕಾರಣ.

ಐದು ಜನದ ಲೆಕ್ಕವನ್ನೂ ಮರೆಯಬೇಡಿ. ಹೊಲದ ಬದುವಿನ ಜಗಳ, ಬೋರ್‌ವೆಲ್ ನೀರಿನ ಜಗಳಗಳಲ್ಲಿ ಅಕ್ರಮ ಕೂಟದ ಕಲಂ (ದಂಡ ಸಂಹಿತೆಯ ಹಳೆಯ 149, ನ್ಯಾಯ ಸಂಹಿತೆಯ ಹೊಸ 190) ಹಾಕುವುದು ಮಾಮೂಲು, ಅಂದರೆ ಗುಂಪಿನಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಅದಕ್ಕೆ ಕನಿಷ್ಠ ಐವರು ಬೇಕು. ಆರು ಜನರ ಮೇಲೆ ಮಾತ್ರ ಆರೋಪವಿದ್ದು, ಇಬ್ಬರು ಖುಲಾಸೆಯಾದರೆ ಉಳಿದದ್ದು ನಾಲ್ವರು, ಅಕ್ರಮ ಕೂಟವೇ ಇಲ್ಲ. ಆಗ ಒಬ್ಬೊಬ್ಬನೂ ತಾನು ಮಾಡಿದ್ದಕ್ಕಷ್ಟೇ ಹೊಣೆ, ಇಲ್ಲವೇ ಹಳೆಯ 34, ಹೊಸ 3(5)ನೇ ಕಲಮಿನ ಸಮಾನ ಉದ್ದೇಶವನ್ನು ಪ್ರಾಸಿಕ್ಯೂಷನ್ ತೋರಿಸಬೇಕು. ಆದರೆ ದೋಷಾರೋಪದಲ್ಲಿ “ಮತ್ತು ಗುರುತು ಸಿಗದ ಇತರರು” ಅಂತ ಇದ್ದು ಸಾಕ್ಷ್ಯವೂ ಹಾಗೇ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ದೋಷಾರೋಪದ ಆ ಒಂದು ಸಾಲನ್ನು ಮೊದಲು ಓದಿ.

ಸಹ ಆರೋಪಿ ಖುಲಾಸೆಯಾದ ಮಾತ್ರಕ್ಕೆ ನಿಮ್ಮವನೂ ಹೊರಬರುತ್ತಾನೆ ಅಂತಲ್ಲ. ನಮ್ಮ ಕೋರ್ಟುಗಳು ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುತ್ತವೆ, ಒಬ್ಬ ಸಾಕ್ಷಿಯ ಅರ್ಧ ಮಾತನ್ನು ನಂಬಿ ಅರ್ಧ ಬಿಡುತ್ತವೆ. ಹಾಗಾಗಿ “ಎ3ನನ್ನು ಬಿಟ್ಟ ಕಾರಣ ಇದು, ಅದೇ ಕಾರಣ ಎ4ಗೂ ಇದೆ” ಅಂತ ತೀರ್ಪಿನ ಪ್ಯಾರಾ ಸಂಖ್ಯೆ ಸಮೇತ ತೋರಿಸಬೇಕು. ಸಹ ಆರೋಪಿಯ ತಪ್ಪೊಪ್ಪಿಗೆಯೊಂದರ ಮೇಲೇ ಶಿಕ್ಷೆ ನಿಲ್ಲದು ಅಂತ 1952ರ ಕಾಶ್ಮೀರಾ ಸಿಂಗ್, 1964ರ ಹರಿಚರಣ್ ಕುರ್ಮಿ ತೀರ್ಪುಗಳಿಂದಲೂ ಇದೆ. ಪೊಲೀಸರ ಮುಂದೆ ಹೇಳಿದ್ದಂತೂ ತಪ್ಪೊಪ್ಪಿಗೆಯಾಗಿ ಬರುವುದೇ ಇಲ್ಲ. ಒಟ್ಟಿಗೆ ವಿಚಾರಣೆ ಮಾಡಿದ್ದೇ ತಪ್ಪು ಅನ್ನುವ ವಾದದ ಮೇಲೆ ಮಾತ್ರ ಭಾರ ಹಾಕಬೇಡಿ. ಅದರಿಂದ ನ್ಯಾಯಕ್ಕೆ ನಿಜವಾಗಿ ಧಕ್ಕೆಯಾಯಿತು ಅಂತ ತೋರಿಸದ ಹೊರತು ಅದು ನಡೆಯದು, ಆಗಲೇ ಯಾಕೆ ಆಕ್ಷೇಪಿಸಲಿಲ್ಲ ಅಂತಲೂ ಕೇಳುತ್ತಾರೆ.

ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನಿನ ಮೇಲೆ ಬಿಡಿ ಅನ್ನುವ ಅರ್ಜಿ ಹೋಗಬೇಕು, ಹಳೆಯ 389, ಹೊಸ 430. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಬಿಡಬಹುದು. ಅದನ್ನು ತೀರ್ಪಿನ ದಿನವೇ ಒಬ್ಬೊಬ್ಬನ ಪರವಾಗಿ ಕೇಳಬೇಕು. ಜೀವಾವಧಿ ಅಥವಾ ಹತ್ತು ವರ್ಷ, ಅದಕ್ಕೆ ಮೇಲ್ಪಟ್ಟ ಶಿಕ್ಷೆಯಾದರೆ ಸರ್ಕಾರಿ ವಕೀಲರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಡದೆ ಹೈಕೋರ್ಟು ಬಿಡುವಂತಿಲ್ಲ, ಒಂದಿಷ್ಟು ತಡವಾಗುತ್ತದೆ. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳ ಕಡಿತವೂ ಒಬ್ಬೊಬ್ಬನಿಗೆ ಬೇರೆ, ಮೂರು ತಿಂಗಳು ತಡವಾಗಿ ಸಿಕ್ಕಿಬಿದ್ದ ಎ3ಗೆ ಎ1ನ ಲೆಕ್ಕ ಬರೆದಿದ್ದರೆ ತಿದ್ದಿಸಿ.

ದುಡ್ಡಿಲ್ಲ ಅಂತ ಯಾರೂ ಕೂರಬೇಕಾಗಿಲ್ಲ. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ. ಶಿವಮೊಗ್ಗ, ಬಳ್ಳಾರಿಯಂಥ ಕೇಂದ್ರ ಕಾರಾಗೃಹಕ್ಕೆ ಕಳಿಸಿದ್ದರೂ ಜೈಲಿನ ಅಧಿಕಾರಿಯ ಕೈಗೆ ಅಪೀಲು ಕೊಟ್ಟರೆ ಸಾಕು, ಅವರೇ ಕೋರ್ಟಿಗೆ ಕಳಿಸಬೇಕು. 60 ದಿನ ಮೀರಿದ್ದರೆ ವಿಳಂಬ ಮನ್ನಾ ಅರ್ಜಿ ಸೇರಿಸಿ, ಎ1ನ ಅಪೀಲು ಇನ್ನೂ ಬಾಕಿಯಿದ್ದರೆ ಅದರ ಸಂಖ್ಯೆ ಬರೆದು ಜೋಡಿಸಲು ಕೇಳಿ. ಎ1ನದು ವಜಾ ಆದ ಮೇಲೆ ಹೋದರೆ ಅದೇ ಸಾಕ್ಷಿಯನ್ನು ನಂಬಿ ಬರೆದ ಹೈಕೋರ್ಟ್ ತೀರ್ಪು ಎದುರಿಗೆ ಇರುತ್ತದೆ.

ಮತ್ತೆ ಜಾಮೀನುದಾರರು. ಅಮಾನತಿನ ಆದೇಶ ಆರು ಜನಕ್ಕೂ ಒಂದೇ ದಿನ ಬಂದರೂ ಬಾಂಡು, ಜಾಮೀನು ಆರು ಜನಕ್ಕೂ ಬೇರೆ ಬೇರೆ. ಪಹಣಿ ಇರುವ ನೆಂಟರೆಲ್ಲ ಎ1, ಎ2ಗೆ ಸಹಿ ಹಾಕಿ ಮುಗಿದಿರುತ್ತದೆ, ಆದೇಶ ಬಂದರೂ ಎ6 ಒಳಗೇ ಉಳಿಯುತ್ತಾನೆ. ಅಪೀಲಿಗೆ ವಕಾಲತ್ತು ಸಹಿ ಮಾಡಿಸುವ ದಿನವೇ ಯಾರಿಗೆ ಯಾರು ಜಾಮೀನು ನಿಲ್ಲುತ್ತಾರೆ ಅಂತ ಹೆಸರು ಬರೆದು, ಅವರ ಪಹಣಿ, ಆಧಾರ್ ತೆಗೆಸಿಟ್ಟುಕೊಳ್ಳಿ. ಎ6ನ ಹೆಸರಿನಿಂದ ಶುರು ಮಾಡಿ.