ನಂದೂ ಒಂಚೂರು ಸೇರಿಸಿಬಿಡಿ

ಆಫೀಸಿನ ಫೋನಿನಲ್ಲಿ ದನಿ ಒಡೆದರೆ ಎಲ್ಲರಿಗೂ ಮೊದಲು ನೆನಪಾಗುವುದು ನೆಟ್‌ವರ್ಕಿನವನು. ಚೆನ್ನಾಗಿ ಕೇಳಿಸಿದ ದಿನ ಯಾರೂ ಬಂದು ಬೆನ್ನು ತಟ್ಟಿದ್ದಿಲ್ಲ ಬಿಡಿ. ಈ ವಾರವಂತೂ ಹುಬ್ಬಳ್ಳಿ ಬ್ರಾಂಚಿನದ್ದೇ ಗಲಾಟೆ. "ಸರ, ನಿಮ್ಮ ದನಿ ಹರಕೊಂಡ್ ಹರಕೊಂಡ್ ಬರಾಕತ್ತೈತ್ರಿ" ಅಂತ ಅಲ್ಲಿಂದ, "ಹಲೋ, ಈಗ ಕೇಳಿಸ್ತಿದ್ಯಾ? ಈಗ?" ಅಂತ ಇಲ್ಲಿಂದ. ಅರ್ಧ ಮೀಟಿಂಗು ಇದರಲ್ಲೇ ಮುಗಿಯುತ್ತದೆ.

ಮದ್ದು ಗೊತ್ತಿರುವುದೇ. ಆಫೀಸಿನ ಫೋನು, ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಕ್ಯೂಓಎಸ್ ಪಾಲಿಸಿ, ಅಂದರೆ ಯಾವುದು ಮೊದಲು ಹೋಗಬೇಕು ಅನ್ನುವ ನಿಯಮ ಹಾಕಬೇಕು. ಮಾತೋ ಮೇಲೋ, ನೆಟ್‌ವರ್ಕಿನಲ್ಲಿ ಹೋಗುವುದು ಪ್ಯಾಕೆಟ್ ಅನ್ನುವ ಚೂರುಗಳಾಗಿ. ಪ್ರತಿ ಪ್ಯಾಕೆಟ್ಟಿನ ಹಣೆಯಲ್ಲೂ ಡಿಎಸ್‌ಸಿಪಿ ಅಂತ ಒಂದು ನಂಬರು ಇರುತ್ತದೆ, 0ಯಿಂದ 63ರವರೆಗೆ. ಫೋನಿನ ಮಾತಿಗೆ 46. ಹೇಳುವವರು ಕೇಳುವವರು ಇಲ್ಲದವಕ್ಕೆ 0. ಮಾತು ಆ ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಚೆಂದ. ತೀರಾ ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಮೇಲ್ ಎರಡು ಸೆಕೆಂಡು ತಡವಾಗಿ ಬಂದರೆ ಯಾರಪ್ಪನ ಗಂಟು ಹೋಗುತ್ತದೆ?

ನಮ್ಮ ಹಳೇ ಸ್ವಿಚ್ಚಿನದ್ದು ಇನ್ನೊಂದು ಕಥೆ. ಕ್ಯೂಓಎಸ್ ಆಫ್ ಇರುವವರೆಗೆ ಬಂದ ನಂಬರನ್ನು ಮುಟ್ಟದೆ ಮುಂದೆ ಕಳಿಸುತ್ತದೆ. ಆನ್ ಮಾಡಿದ್ದೇ ತಡ, ಯಾರನ್ನೂ ನಂಬುವುದಿಲ್ಲ. ಫೋನು ಪಾಪ 46 ಅಂತ ಬರೆದು ಕಳಿಸಿದರೆ ಅಳಿಸಿ 0 ಮಾಡುತ್ತದೆ. ತಂತಿ ಸಿಕ್ಕಿಸುವ ಒಂದೊಂದು ಪೋರ್ಟಿಗೂ ಹೋಗಿ 'ಟ್ರಸ್ಟ್' ಅಂತ ಟೈಪ್ ಮಾಡಿ ಒಪ್ಪಿಸಬೇಕು. ಸರಿಹೋಗಲಿ ಅಂತ ಹಾಕಿದ ಕಮಾಂಡಿಗೇ ಎಲ್ಲ ಕೆಡುವ ಈ ಏರ್ಪಾಡು ಯಾವ ಪುಣ್ಯಾತ್ಮನದ್ದೋ.

ಇದನ್ನಾದರೂ ಸಹಿಸಬಹುದು. ನಮ್ಮ ಅಕೌಂಟ್ಸ್ ಸರ್ ಇದ್ದಾರಲ್ಲ, ಅವರದ್ದು ಕಷ್ಟ. ಕ್ಯಾಂಟೀನಿನಲ್ಲಿ ಯಾರೋ ದೋಸೆ ಹೇಳುತ್ತಿದ್ದರೆ ಹಿಂದಿನಿಂದ "ನಂದೂ ಒಂದು ಸೇರಿಸಿಬಿಡಿ" ಅನ್ನುತ್ತಾರೆ. ಜೆರಾಕ್ಸ್ ಮಷೀನಿನ ಹತ್ತಿರ, "ಹೇಗೂ ತೆಗೀತಿದೀರಲ್ಲ, ನಂದೂ ಒಂಚೂರು." ನಾನು ಪಾಲಿಸಿ ಬರೆಯಲು ಕೂತ ವಾಸನೆ ಅವರಿಗೆ ಹೇಗೆ ಬಡಿಯಿತೋ, ಕಾಫಿ ಲೋಟ ಹಿಡಿದು ಬಂದು, ಬಿಸ್ಕತ್ತು ಅದ್ದಿ, ಅದು ನನ್ನ ಎಂಟರ್ ಕೀ ಮೇಲೆ ತೊಟ್ಟಿಕ್ಕುತ್ತಿದ್ದರೂ ಲೆಕ್ಕಿಸದೆ ಕೇಳಿದರು: "ಫೋನಿಗೆ ಫಸ್ಟ್ ಕ್ಲಾಸ್ ಕೊಡ್ತಿದೀರಂತೆ? ನಮ್ಮ ಬ್ಯಾಕಪ್ಪನ್ನೂ ಅದರಲ್ಲೇ ಒಂಚೂರು ಸೇರಿಸಿಬಿಡಿ."

ಅವರ ಒಂಚೂರು ಅಂದರೆ ಗಿಗಾಬೈಟುಗಟ್ಟಲೆ.

ಮದುವೆ ಮನೆಯಲ್ಲಿ "ನಮಗೆ ಬಸ್ಸಿದೆ" ಅಂದವರನ್ನು ಮೊದಲ ಪಂಕ್ತಿಗೆ ಕೂರಿಸುತ್ತಾರಲ್ವಾ, ಎಲ್ಲರಿಗೂ ಬಸ್ಸಿದ್ದರೆ ಏನು ಮಾಡೋಣ ಸರ್ ಅಂತ ಕೇಳಿದೆ. "ನಮಗೆ ನಿಜವಾಗ್ಲೂ ಇದೆ" ಅಂದರು. ಬೇಡ ಅಂದಿದ್ದಕ್ಕೆ ಮ್ಯಾನೇಜರ್ ಹತ್ತಿರ ಹೋದರು. ಸಂಜೆಯೊಳಗೆ ಮೇಲ್ ಬಂತು, ಸೇರಿಸಿ ಅಂತ. ಸೇರಿಸಿದೆ, ಆ ಮೇಲನ್ನು ಜೋಪಾನವಾಗಿ ಎತ್ತಿಟ್ಟುಕೊಂಡು.

ಎಲ್ಲರಿಗಿಂತ ಮೊದಲು ಹೋಗುವವರ ಸಾಲಿಗೆ, ಅಂದರೆ ಪ್ರಯಾರಿಟಿ ಕ್ಯೂಗೆ, ಒಂದು ಮಿತಿ ಇರುತ್ತದೆ. ಮಿತಿ ಮೀರಿದ್ದನ್ನು ಸ್ವಿಚ್ಚು ಕಾಯಿಸುವುದಿಲ್ಲ, ನೇರ ಎಸೆಯುತ್ತದೆ, ಮಾತು ಯಾವುದು ಬ್ಯಾಕಪ್ ಯಾವುದು ಅಂತ ನೋಡುವುದಿಲ್ಲ. ಮಾರನೇ ದಿನ ಹುಬ್ಬಳ್ಳಿ ಜೊತೆ ಬಜೆಟ್ ಮೀಟಿಂಗು. ಮಾತಾಡುತ್ತಿದ್ದವರು ಅಕೌಂಟ್ಸ್ ಸರ್. ಅದೇ ಹೊತ್ತಿಗೆ ಅವರ ಬ್ಯಾಕಪ್ ಶುರುವಾಯಿತು. "ಈ ವರ್ಷ ನಮ್... ಖರ್... ಲಕ್..." ಆ ಕಡೆಯವರು "ಎಷ್ಟ್ ಲಕ್ಷ ಅಂದ್ರಿ ಸರ?" ಅಂತ ಕೂಗಿದರು. ಇವರು ಎದ್ದು ನಿಂತು, ಮೈಕಿಗೆ ಬಾಯಿ ಹಚ್ಚಿ, ಒಂದೊಂದೇ ಅಕ್ಷರ ಬಿಡಿಸಿ ಕೂಗತೊಡಗಿದರು, ಜೋರಾಗಿ ಕೂಗಿದರೆ ಪ್ಯಾಕೆಟ್ಟು ಹೆದರಿ ಓಡುತ್ತದೆ ಅನ್ನುವ ಹಾಗೆ. ಕೊನೆಗೆ ಲಕ್ಷದ ಲೆಕ್ಕವನ್ನು ಬೆರಳಿನಲ್ಲಿ ತೋರಿಸಿದರು. ವಿಡಿಯೋ ಇರಲಿಲ್ಲ. ಬರೀ ಫೋನು.

ನಗು ತಡೆದುಕೊಂಡು ಹೊರಗೆ ಬಂದರೆ ನನ್ನ ಮೊಬೈಲಿಗೆ ಅಮ್ಮನ ವಾಟ್ಸಾಪ್ ಕಾಲ್. ಗೆಸ್ಟ್ ವೈಫೈ, ಅಲ್ಲಿ ಎಲ್ಲಕ್ಕೂ 0 ಹಾಕಿದವನು ನಾನೇ, ಹಾಕಲೇಬೇಕು. "ಊ... ಆಯ್ತ..." ಅಷ್ಟೇ ಕೇಳಿಸಿತು. ಅಷ್ಟೇ ಸಾಕಾಯಿತು, ಅಮ್ಮ ಬೇರೇನು ಕೇಳುತ್ತಾಳೆ? ಆದರೂ ದಿನವಿಡೀ ಯಾರ್ಯಾರದೋ ಮಾತಿಗೆ 46 ಹಚ್ಚುವವನಿಗೆ ಸ್ವಲ್ಪ ಹೊಟ್ಟೆ ಚುರುಕ್ಕಂತು.

ಬ್ಯಾಕಪ್ಪನ್ನು ಫೋನಿನ ಕ್ಯೂನಿಂದ ತೆಗೆಯಲು ಮ್ಯಾನೇಜರ್ ಈಗ ತಾವಾಗಿಯೇ ಒಪ್ಪಿದರು. ಸರ್ ಒಪ್ಪಬೇಕಲ್ಲ. ಯಾವ ಪ್ಯಾಕೆಟ್ಟು ಯಾವ ಕ್ಲಾಸಿಗೆ ಅಂತ ಹೇಳುವ ಕ್ಲಾಸ್ ಮ್ಯಾಪಿಗೆ ಏನು ಹೆಸರಿಟ್ಟರೂ ಸ್ವಿಚ್ಚಿಗೆ ಒಂದೇ. 'ಅಕೌಂಟ್ಸ್ ಸೂಪರ್ ವಿಐಪಿ' ಅಂತ ಇಟ್ಟೆ. ನಂಬರು 8 ಕೊಟ್ಟೆ. ಎಲ್ಲರದ್ದೂ ಹೋಗಿ ಜಾಗ ಮಿಕ್ಕಿದರೆ ಮಾತ್ರ ಹೋಗುವ ಕ್ಲಾಸು ಅದು, 0ಗಿಂತಲೂ ಹಿಂದೆ. ಸರ್ ಬಂದು, ಕನ್ನಡಕ ಏರಿಸಿ, ಸ್ಕ್ರೀನ್ ಮೇಲೆ ಆ ಹೆಸರನ್ನು ಎರಡು ಸಲ ಓದಿದರು.

"ಮಿಕ್ಕವರದ್ದೆಲ್ಲ ಸೊನ್ನೆ, ನಮ್ಮದು ಎಂಟಾ?"

"ಹೌದು ಸರ್."

"ನೋಡಿ, ಕೇಳಿದ್ರೆ ಕೊಡ್ತೀರಿ" ಅಂದು ನನಗೊಂದು ಬಿಸ್ಕತ್ತು ಕೊಟ್ಟು ಹೋದರು.