ಚಮಚ ಬಗ್ಗಿತು, ಐಸ್‌ಕ್ರೀಮ್ ಬಗ್ಗಲಿಲ್ಲ

ಒಂದು ಮನೆಯಲ್ಲಿ ಐಸ್‌ಕ್ರೀಮ್ ಮಾಡುವ ಸಾಹಸ ನಡೆದಿದೆಯೋ ಇಲ್ಲವೋ ತಿಳಿಯಬೇಕಾದರೆ ಅಲ್ಲಿನ ಚಮಚಗಳನ್ನು ನೋಡಿದರೆ ಸಾಕು. ಕತ್ತು ಹಿಂದಕ್ಕೆ ವಾಲಿದ ಒಂದಾದರೂ ಇದ್ದರೆ ನಡೆದಿದೆ ಅಂತಲೇ ಲೆಕ್ಕ. ರಾತ್ರಿ ಹಾಲಿಗೆ ಸಕ್ಕರೆ, ಎಸೆನ್ಸ್ ಕಲಸಿ, ಡಬ್ಬಿಗೆ ಸುರಿದು, ಫ್ರೀಜರಿಗೆ ತಳ್ಳಿ ನೆಮ್ಮದಿಯಾಗಿ ಮಲಗಿದವರಿಗೆ ಬೆಳಗ್ಗೆ ಸಿಗುವುದು ಹಾಲಿನ ಇಟ್ಟಿಗೆ. ಚಮಚ ಸೋತ ಮೇಲೆ ಚಾಕು ಬರುತ್ತದೆ. ಚಾಕುವೂ ಸೋತರೆ ಲಟ್ಟಣಿಗೆ. ಕೊನೆಗೆ ಡಬ್ಬಿ ಒಡೆಯುತ್ತದೆ, ಒಳಗಿನದು ಹಾಗೇ ಇರುತ್ತದೆ.

ತಪ್ಪು ನೀರಿನದು. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಧಾನವಾಗಿ ಹೆಪ್ಪುಗಟ್ಟುತ್ತಾ, ಅಕ್ಕಪಕ್ಕದ ನೀರನ್ನೆಲ್ಲ ಸೇರಿಸಿಕೊಂಡು ದೊಡ್ಡ ದೊಡ್ಡ ಹರಳು ಕಟ್ಟುತ್ತದೆ. ಹರಳು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ದಾಟಿತೆಂದರೆ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ಸಕ್ಕರೆ, ಕೊಬ್ಬು, ಗಾಳಿ, ಕಡೆಯುವುದು ಎಲ್ಲವೂ ಇರುವುದು ಈ ನೀರು ಒಂದು ಕಡೆ ಗುಂಪು ಕಟ್ಟದ ಹಾಗೆ ನೋಡಿಕೊಳ್ಳುವುದಕ್ಕೆ.

ಎಡವಟ್ಟು ಶುರುವಾಗುವುದು ಸಾಮಾನ್ಯವಾಗಿ ಸಕ್ಕರೆಯಿಂದ. 'ಸಿಹಿ ಸ್ವಲ್ಪ ಕಮ್ಮಿ ಹಾಕೋಣ, ಒಳ್ಳೆಯದಲ್ಲವೇ' ಅಂತ ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ದೇಹಕ್ಕೆ ಒಳ್ಳೆಯದಿರಬಹುದು, ಚಮಚಕ್ಕಂತೂ ಅಲ್ಲ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಆದ್ದರಿಂದಲೇ ಮೈನಸ್ 18 ಡಿಗ್ರಿಯಲ್ಲೂ ಸ್ವಲ್ಪ ಪಾಕ ದ್ರವವಾಗಿಯೇ ಉಳಿದು ಐಸ್‌ಕ್ರೀಮ್ ಮೆದುವಾಗಿರುತ್ತದೆ. ಹಾಲು, ಕ್ರೀಮ್ ಸೇರಿ 750 ಮಿ.ಲೀ. ಇದ್ದರೆ ಸುಮಾರು 150 ಗ್ರಾಂ ಸಕ್ಕರೆ ಬೇಕು. ಅದನ್ನು ಅರ್ಧಕ್ಕಿಳಿಸಿ, ಉಳಿದ ಸಿಹಿಗೆ ಸಕ್ಕರೆ ಬದಲಿನ ಮಾತ್ರೆ ಹಾಕಿದರೆ ಸಿಹಿಯಾದ ಇಟ್ಟಿಗೆ ಸಿಗುತ್ತದೆ. ಕೈ ಧಾರಾಳವಾಗಿ ಇಮ್ಮಡಿ ಸುರಿದರೋ, ಮೂರು ದಿನ ಕಾದರೂ ಅದು ಗಟ್ಟಿಯಾಗದೆ ತಳದಲ್ಲಿ ಪಾಕ ಬಿಟ್ಟುಕೊಂಡು ಕೂತಿರುತ್ತದೆ. ಸಕ್ಕರೆಯ ಕಾಲು ಭಾಗ ತೆಗೆದು ಅಷ್ಟೇ ಜೇನುತುಪ್ಪ ಹಾಕಿದರೆ ಇನ್ನಷ್ಟು ಮೆದು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುವುದರಿಂದ, ಮಿಶ್ರಣ ರುಚಿ ನೋಡುವಾಗ 'ಅಯ್ಯೋ, ಒಂಚೂರು ಜಾಸ್ತಿಯಾಯ್ತಲ್ಲ' ಅನ್ನಿಸಿದರೆ ಸರಿಯಾಗಿದೆ ಎಂದರ್ಥ.

ಮಿಷನ್ ಇಲ್ಲದವರ ದಾರಿ ಗೊತ್ತಿರುವುದೇ: 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 500 ಮಿ.ಲೀ. ವಿಪ್ಪಿಂಗ್ ಕ್ರೀಮ್. ಕ್ರೀಮನ್ನು ನೊರೆ ಬರುವ ಹಾಗೆ ಕಡೆದು, ಕಂಡೆನ್ಸ್ಡ್ ಮಿಲ್ಕಿನ ಜೊತೆ ಮೆಲ್ಲಗೆ ಬೆರೆಸಿ ಫ್ರೀಜರಿಗಿಡುವುದು. ಕೇಳಲು ಮಕ್ಕಳಾಟದ ಹಾಗಿದೆ. ಆದರೆ ಹೆಚ್ಚು ಮಂದಿ ಬೀಳುವ ಹಳ್ಳವೂ ಇದೇ. ಮೊದಲು ಪ್ಯಾಕೆಟ್ಟಿನ ಮೇಲೆ ಕೊಬ್ಬು ಎಷ್ಟಿದೆ ಓದಬೇಕು. ಶೇ. 35 ಇದ್ದರೆ ನಿಶ್ಚಿಂತೆ. ಶೇ. 25 ಇದ್ದರೆ ತೋಳು ಬಿದ್ದುಹೋಗುವವರೆಗೆ ಕಡೆದರೂ ಅದು ನೊರೆ ಹಿಡಿದು ನಿಲ್ಲುವುದಿಲ್ಲ. ಪಾತ್ರೆ, ಬೀಟರಿನ ಕಡ್ಡಿ ಎರಡನ್ನೂ 20 ನಿಮಿಷ ಫ್ರೀಜರಿನಲ್ಲಿಟ್ಟು, ಕ್ರೀಮನ್ನು ಫ್ರಿಜ್ಜಿನಿಂದ ಆಗಷ್ಟೇ ತೆಗೆದು ಶುರುಮಾಡಬೇಕು. ಮೊದಲು ಸೋಪಿನ ನೊರೆಯಂಥ ದೊಡ್ಡ ಗುಳ್ಳೆಗಳು. ಆಮೇಲೆ ಗುಳ್ಳೆ ಸಣ್ಣದಾಗಿ, ಕಡ್ಡಿ ಓಡಿದಲ್ಲೆಲ್ಲ ಗೆರೆ ಉಳಿಯತೊಡಗುತ್ತದೆ. ಕಡ್ಡಿ ಎತ್ತಿ ನೋಡಿ: ಕ್ರೀಮಿನ ತುದಿ ಎದ್ದು ನಿಂತು, ನಾಚಿಕೆಯಿಂದ ತಲೆ ಬಾಗಿಸಿದರೆ ತಕ್ಷಣ ನಿಲ್ಲಿಸಬೇಕು.

ಇಲ್ಲೇ ಕೈ ಕೇಳುವುದಿಲ್ಲ. ಇಷ್ಟು ಚೆನ್ನಾಗಿ ಬಂದಿದೆ, ಇನ್ನೊಂದು ನಿಮಿಷ ಓಡಿಸಿದರೆ ಇನ್ನೂ ಚೆನ್ನಾಗಿ ಬರುತ್ತದಲ್ಲ ಎಂಬ ಆಸೆ. ಮೊದಲು ಹೊಳಪು ಮಾಯ, ಹಿಂದೆಯೇ ತರಿತರಿ, ಒಂದು ಛಾಯೆ ಹಳದಿ. ಆಮೇಲೆ ಫಟ್ಟನೆ ತೆಳ್ಳಗಿನ ನೀರು ಮುಖಕ್ಕೆ ಸಿಡಿಯುತ್ತದೆ. ಅಭಿನಂದನೆಗಳು, ಬೆಣ್ಣೆ ಬಂದಿದೆ. ತರಿ ಹಂತದಲ್ಲೇ ಗೊತ್ತಾದರೆ ಎರಡು ಮೂರು ಚಮಚ ತಣ್ಣನೆಯ ಕ್ರೀಮ್ ಹಾಕಿ ಕೈಯಲ್ಲೇ ಮೆಲ್ಲಗೆ ಕಲಸಿದರೆ ಸರಿಹೋಗುತ್ತದೆ. ನೀರು ಬಿಟ್ಟ ಮೇಲೆ ಯಾರ ಕೈಯಲ್ಲೂ ಆಗದು. ಪೂರ್ತಿ ಕಡೆದು, ತಣ್ಣೀರಿನಲ್ಲಿ ತೊಳೆದು, ಚಿಟಿಕೆ ಉಪ್ಪು ಹಾಕಿಟ್ಟು, ಮೊದಲಿನಿಂದಲೂ ಬೆಣ್ಣೆಯನ್ನೇ ಮಾಡಲು ಹೊರಟಿದ್ದೆವು ಎಂದು ಮನೆಯವರಿಗೆ ಹೇಳುವುದು ಕ್ಷೇಮ.

ಮೊಟ್ಟೆ ಹಾಕಿ ಕಸ್ಟರ್ಡ್ ಮಾಡುವವರ ಕಷ್ಟ ಬೇರೆ. ಅರ್ಧ ಲೀಟರ್ ಹಾಲು, 250 ಮಿ.ಲೀ. ಕ್ರೀಮ್, ಮೇಲೆ ಹೇಳಿದ ಸಕ್ಕರೆ, 5 ಹಳದಿ ಭಾಗ. ಬಿಸಿ ಹಾಲನ್ನು ಹಳದಿಗೆ ಸ್ವಲ್ಪಸ್ವಲ್ಪವೇ ಸುರಿಯುತ್ತಾ ಗೊಟಾಯಿಸಿ, ಆಮೇಲೆ ಎಲ್ಲವನ್ನೂ ಸಣ್ಣ ಉರಿಯಲ್ಲಿ 82 ಡಿಗ್ರಿವರೆಗೆ ಕಾಯಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಸೌಟಿನ ಬೆನ್ನಿಗೆ ಅಂಟಿದ್ದರ ಮೇಲೆ ಬೆರಳಾಡಿಸಿ: ಗೆರೆ ಹಾಗೇ ನಿಂತರೆ ಇಳಿಸಿ. 85 ದಾಟಿತೋ, ಸಿಹಿಯಾದ ಮೊಟ್ಟೆ ಪಲ್ಯ ತಯಾರು. ಅಲ್ಲಲ್ಲಿ ಗಂಟು ಕಂಡ ಮಾತ್ರಕ್ಕೆ ಎದೆಗುಂದಬೇಡಿ, ಮಿಕ್ಸಿಗೆ ಹಾಕಿ ಸೋಸಿದರೆ ಯಾರಿಗೂ ಗೊತ್ತಾಗದು. ಮೊಟ್ಟೆ ಬೇಡದವರಿಗೆ 2 ದೊಡ್ಡ ಚಮಚ ಕಾರ್ನ್‌ಫ್ಲೋರ್ ಸಾಕು, ಆದರೆ ಅದನ್ನು ತಣ್ಣನೆಯ ಹಾಲಿನಲ್ಲೇ ಕದಡಬೇಕು. ವೆನಿಲ್ಲಾ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಘಮವನ್ನೆಲ್ಲ ಚಿಮಣಿಯೇ ಅನುಭವಿಸುತ್ತದೆ. ಆಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿ. ಬೆಚ್ಚಗಿರುವಾಗಲೇ ಮಿಷನ್ನಿಗೆ ಸುರಿದರೆ ಅದರ ಬಟ್ಟಲೇ ಬಿಸಿಯಾಗಿ ಕೂರುತ್ತದೆ.

ಬಟ್ಟಲೆಂದಾಗ ನೆನಪಾಯಿತು. ಮಿಷನ್ನಿನ ಬಟ್ಟಲಿನ ಗೋಡೆಯೊಳಗೆ ತಂಪು ಹಿಡಿದಿಡುವ ದ್ರವ ಇರುತ್ತದೆ, ಅದು ಪೂರ್ತಿ ಹೆಪ್ಪುಗಟ್ಟಲು ಬಟ್ಟಲು 24 ಗಂಟೆ ಫ್ರೀಜರಿನಲ್ಲಿರಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಸದ್ದು ಬಂದರೆ ಇವತ್ತಿಗೆ ಐಸ್‌ಕ್ರೀಮ್ ಇಲ್ಲ. ನೆಂಟರು ಬಾಗಿಲಲ್ಲೇ ಇದ್ದರೂ ಇಲ್ಲ.

ಕೈಯಲ್ಲೇ ಮಾಡುವವರು ಅಗಲವಾದ ಸ್ಟೀಲ್ ಪಾತ್ರೆ ಬಳಸಿ, ಮುಕ್ಕಾಲು ಗಂಟೆಗೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ತೆಗೆದು, ಅಂಚಿನಲ್ಲಿ ಕಟ್ಟಿದ್ದನ್ನು ಕೆರೆದು ಚೆನ್ನಾಗಿ ಕಲಸಬೇಕು. ನಾಲ್ಕೈದು ಸಲ. ಎರಡನೇ ಸಲದವರೆಗೆ ಎಲ್ಲರಿಗೂ ನೆನಪಿರುತ್ತದೆ. ಮೂರನೆಯದರ ಹೊತ್ತಿಗೆ ಯಾರದ್ದೋ ಫೋನ್ ಬರುತ್ತದೆ.

ಇನ್ನು ಮಂಜುಗಡ್ಡೆ–ಉಪ್ಪಿನ ಹಳೆಯ ವಿದ್ಯೆ. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಕೈ ತಿರುಗಣೆಯ ಐಸ್‌ಕ್ರೀಮ್ ಡಬ್ಬಿ ನಡೆಯುತ್ತಿದ್ದದ್ದೂ ಇದರಿಂದಲೇ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬೆರೆತರೆ ಮೈನಸ್ 20ರ ಹತ್ತಿರಕ್ಕೆ ಇಳಿಯಬಲ್ಲದು. ಇದನ್ನೇ ಚೀಲದಲ್ಲಿ, ಅಂದರೆ ಮಿಶ್ರಣದ ಚೀಲವನ್ನು ಐಸ್–ಉಪ್ಪು ತುಂಬಿದ ದೊಡ್ಡ ಚೀಲದೊಳಗಿಟ್ಟು ಅಲ್ಲಾಡಿಸಿ ಮಾಡುವವರು ಒಳಚೀಲ ಎರಡು ಪದರ ಹಾಕಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಲಿ. ಚೀಲಕ್ಕೆ ಸೂಜಿಮೊನೆಯಷ್ಟು ತೂತಿದ್ದರೂ ಸಮುದ್ರದ ರುಚಿ ಗ್ಯಾರಂಟಿ.

ಹಣ್ಣಿನ ಹೋಳನ್ನು ಹಸಿಯಾಗಿ ಹಾಕಿದರೆ ಗೋಲಿಗಳಾಗುತ್ತವೆ. ಸಕ್ಕರೆಯೊಂದಿಗೆ ಬೇಯಿಸಿ, ಆರಿಸಿ ಹಾಕಿ. ಅನಾನಸ್, ಕಿವಿ ಹಣ್ಣುಗಳನ್ನಂತೂ ಬೇಯಿಸದೆ ಹಾಲಿಗೆ ತೋರಿಸಲೇಬೇಡಿ. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಕಹಿ ಮಾಡುತ್ತದೆ.

ತುಂಬಿಟ್ಟ ಮೇಲೆ ಐಸ್‌ಕ್ರೀಮಿನ ಮೈಗೆ ತಾಗುವ ಹಾಗೆ ಬೆಣ್ಣೆ ಕಾಗದ ಒತ್ತಿ, ಅದರ ಮೇಲೆ ಮುಚ್ಚಳ ಹಾಕಿ. ಕೊಬ್ಬು ಪಕ್ಕದ ಮನೆಯ ಸುದ್ದಿಯ ಹಾಗೆ ವಾಸನೆ ಹೀರುತ್ತದೆ. ಜೊತೆಯಲ್ಲಿ ಬೆಳ್ಳುಳ್ಳಿ ಇದ್ದರೆ ನಾಳೆ ವೆನಿಲ್ಲಾ ಯಾವುದು ಎಂದು ಹುಡುಕಬೇಕು. ಬಡಿಸುವ ಹತ್ತು ನಿಮಿಷ ಮುಂಚೆ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಚಮಚವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ ತೋಡಿ. ಹಿಂದಿನ ಸಲ ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಕತ್ತೇ ಮುರಿದೀತು. ಡಬ್ಬಿಯ ಮೂಲೆಯಲ್ಲಿ ಉಳಿದ ಕೊನೆಯ ಚೂರು ಕೆರೆಯುವುದಕ್ಕೆ ಅದರಷ್ಟು ಚೆನ್ನಾಗಿ ಒದಗುವ ಚಮಚ ಇನ್ನೊಂದಿಲ್ಲ.